ಕ್ಯಾಸಿನೊ, ರಾತ್ರಿಜೀವನ, ಮನರಂಜನೆ: ಪ್ರವಾಸಕ್ಕೆ ಊರನ್ನು ಆರಿಸಿಕೊಳ್ಳುವ ಬಗೆ

ಲಾಸ್ ವೇಗಾಸ್, ಮಕಾವ್, ಮಾಂಟೆ ಕಾರ್ಲೊ, ಸಿಂಗಪುರ ಎಂಬ ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳುವ ರೂಢಿಯಿದೆ. ಕ್ಯಾಸಿನೊ ಇದೆ ಎಂಬುದೊಂದನ್ನು ಬಿಟ್ಟರೆ ಈ ನಾಲ್ಕು ಊರುಗಳ ರಾತ್ರಿಗಳಿಗೆ ಹೋಲಿಕೆ ಬಹಳ ಕಡಿಮೆ. ಒಂದರಲ್ಲಿ ಪ್ರದರ್ಶನ, ಸಂಗೀತ, ಕುಣಿತ ಎಲ್ಲವೂ ಒಂದೇ ರಸ್ತೆಯ ಉದ್ದಕ್ಕೂ ಸಿಗುತ್ತವೆ. ಇನ್ನೊಂದರಲ್ಲಿ ಆಟದ ಮೇಜುಗಳೇ ಪ್ರಧಾನವಾಗಿ ಉಳಿದುದೆಲ್ಲ ಅವುಗಳ ಸುತ್ತ ಸುತ್ತುತ್ತದೆ. ಮತ್ತೊಂದರಲ್ಲಿ ಕಟ್ಟಡದ ವೈಭವಕ್ಕೂ ಉಡುಪಿನ ಶಿಸ್ತಿಗೂ ಮೊದಲ ಮಣೆ. ಆದ್ದರಿಂದ ಊರಿನ ಖ್ಯಾತಿಯನ್ನು ನೋಡಿ ಟಿಕೆಟ್ ತೆಗೆಯುವ ಮೊದಲು ಒಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕು. ಜೂಜಿಗೆಂದು ತೆಗೆದಿರಿಸಿದ ಹಣವೆಲ್ಲ ಮೊದಲ ರಾತ್ರಿಯೇ ತೀರಿಹೋದರೆ, ಉಳಿದ ದಿನಗಳನ್ನು ಆ ಊರಿನಲ್ಲಿ ಸಂತೋಷವಾಗಿ ಕಳೆಯಲು ಸಾಧ್ಯವೇ? ಹೌದು ಎಂಬ ಉತ್ತರ ಬರುವ ಊರನ್ನಷ್ಟೇ ಆರಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಇಲ್ಲ ಎಂಬ ಉತ್ತರ ಬರುವ ಊರಿನಲ್ಲಿ ಬೇಸರ ಕಳೆಯಲೆಂದೇ ಮತ್ತೆ ಮೇಜಿನ ಬಳಿಗೆ ಹೋಗಬೇಕಾಗುತ್ತದೆ, ಮತ್ತು ಹಣ ಕೈಮೀರುವುದು ಹೆಚ್ಚಾಗಿ ಅಂಥ ಸಮಯದಲ್ಲಿಯೇ.

ಮೊದಲು ಬೇಕಾದುದು ಯಾವುದು ಎಂದು ತೀರ್ಮಾನಿಸಿ

ಕ್ಯಾಸಿನೊ, ರಾತ್ರಿಜೀವನ, ಮನರಂಜನೆ ಎಂಬ ಮೂರನ್ನು ಒಟ್ಟಿಗೆ ಹೇಳಿದರೂ ಅವು ಮೂರು ಬೇರೆ ಬೇರೆ ಆಸಕ್ತಿಗಳು. ಮೂರೂ ಒಂದೇ ಮಟ್ಟದಲ್ಲಿ ಸಿಗುವ ಊರುಗಳು ಬೆರಳೆಣಿಕೆಯಷ್ಟು ಮಾತ್ರ. ಜೊತೆಯಲ್ಲಿ ಹೋಗುವವರೆಲ್ಲ ಕುಳಿತು, ಒಬ್ಬೊಬ್ಬರೂ ಈ ಮೂರನ್ನು ತಮ್ಮ ಇಷ್ಟದ ಕ್ರಮದಲ್ಲಿ ಬರೆದರೆ, ಅರ್ಧ ಆಯ್ಕೆ ಅಲ್ಲಿಯೇ ಮುಗಿಯುತ್ತದೆ.

ಕುಣಿತ ಮತ್ತು ಎಲೆಕ್ಟ್ರಾನಿಕ್ ಸಂಗೀತವನ್ನು ಮೊದಲು ಬರೆದವರಿಗೆ ಬರ್ಲಿನ್ ಅಥವಾ ಸ್ಪೇನಿನ ಇಬೀಜಾ ದ್ವೀಪ ಸೂಕ್ತವಾದುದು. ಪಶ್ಚಿಮ ಬರ್ಲಿನ್‌ನಲ್ಲಿ ಬಾರುಗಳನ್ನು ಇಂತಿಷ್ಟು ಹೊತ್ತಿಗೆ ಮುಚ್ಚಬೇಕೆಂಬ ನಿಯಮವನ್ನು 1949ರಲ್ಲಿಯೇ ತೆಗೆದುಹಾಕಲಾಯಿತು. ಇಂದಿಗೂ ಅಲ್ಲಿನ ಕೆಲವು ಕ್ಲಬ್ಬುಗಳು ವಾರಾಂತ್ಯದಲ್ಲಿ ಹಗಲು ರಾತ್ರಿಗಳ ಭೇದವಿಲ್ಲದೆ ನಡೆಯುತ್ತವೆ. ಆದರೆ ಬಾಗಿಲಿನಲ್ಲಿ ನಿಂತವರು ಕಾರಣ ಹೇಳದೆ ಯಾರನ್ನಾದರೂ ಹಿಂದಕ್ಕೆ ಕಳಿಸಬಹುದು ಎಂಬುದನ್ನು ತಿಳಿದಿರಬೇಕು, ಮತ್ತು ಒಂದೇ ಕ್ಲಬ್ಬನ್ನು ನೆಚ್ಚಿಕೊಂಡು ಪ್ರವಾಸವನ್ನು ಯೋಜಿಸಬಾರದು. ನಾಟಕ ಮತ್ತು ಸಂಗೀತ ಪ್ರದರ್ಶನಗಳನ್ನು ಮೊದಲು ಬರೆದವರಿಗೆ ನ್ಯೂಯಾರ್ಕಿನ ಬ್ರಾಡ್‌ವೇ ಮತ್ತು ಲಂಡನ್ನಿನ ವೆಸ್ಟ್ ಎಂಡ್‌ಗೆ ಸಮನಾದುದು ಮತ್ತೊಂದಿಲ್ಲ. ಬ್ರಾಡ್‌ವೇ ಎಂದು ಕರೆಸಿಕೊಳ್ಳುವ ರಂಗಮಂದಿರಗಳೇ 41 ಇವೆ. ಅದೇ ದಿನದ ಉಳಿದ ಟಿಕೆಟ್ಟುಗಳನ್ನು ಕಡಿಮೆ ಬೆಲೆಗೆ ಮಾರುವ ಟಿಕೆಟಿಎಸ್ ಕೌಂಟರ್ 1973ರಿಂದ ಟೈಮ್ಸ್ ಸ್ಕ್ವೇರ್‌ನಲ್ಲಿದೆ. ಅಂಥದೇ ಒಂದು ಲಂಡನ್ನಿನ ಲೆಸ್ಟರ್ ಸ್ಕ್ವೇರ್‌ನಲ್ಲಿಯೂ ಇದೆ. ಜಾಝ್ ಸಂಗೀತವನ್ನು ಹತ್ತಿರದಿಂದ ಕೇಳುತ್ತ, ಬಾರಿನಿಂದ ಬಾರಿಗೆ ನಡೆದುಕೊಂಡೇ ಹೋಗುವ ರಾತ್ರಿ ಬೇಕೆನ್ನುವವರು ನ್ಯೂ ಆರ್ಲಿಯನ್ಸ್ ಅನ್ನು ಮರೆಯಬಾರದು. ಅಲ್ಲಿನ ಫ್ರೆಂಚ್ ಕ್ವಾರ್ಟರ್ ಬಡಾವಣೆಯಲ್ಲಿರುವ ಪ್ರಿಸರ್ವೇಶನ್ ಹಾಲ್ 1961ರಿಂದಲೂ ಸಾಂಪ್ರದಾಯಿಕ ಜಾಝ್ ಅನ್ನು ಉಳಿಸಿಕೊಂಡು ಬಂದಿದೆ, ಮತ್ತು ನಡೆದು ಹೋಗುವ ದೂರದಲ್ಲಿಯೇ ಒಂದು ದೊಡ್ಡ ಕ್ಯಾಸಿನೊ ಸಹ ಇದೆ.

ಇದಕ್ಕೆ ವಿರುದ್ಧವಾಗಿ ಬ್ಯಾಂಕಾಕ್‌ನ ರಾತ್ರಿಗಳು ಎಷ್ಟೇ ಪ್ರಸಿದ್ಧವಾಗಿದ್ದರೂ ಥಾಯ್ಲೆಂಡಿನಲ್ಲಿ ಕ್ಯಾಸಿನೊ ಕಾನೂನುಬಾಹಿರ. ಅಲ್ಲಿ ಯಾರಾದರೂ ಗುಟ್ಟಾಗಿ ಜೂಜಿನ ಕೋಣೆಗೆ ಕರೆದರೆ ಅದು ಅಪರಾಧಕ್ಕೆ ಬಂದ ಆಹ್ವಾನ. ಕಾನೂನಿನ ಮೇಲ್ವಿಚಾರಣೆಯಿಲ್ಲದ ಕಡೆ ಆಟವೂ ನ್ಯಾಯವಾಗಿರುವುದಿಲ್ಲ, ಮೋಸಹೋದ ಮೇಲೆ ದೂರು ಕೊಡಲು ಜಾಗವೂ ಇರುವುದಿಲ್ಲ.

ಪ್ರವೇಶದ ನಿಯಮಗಳು

ವಯಸ್ಸಿನ ವಿಷಯವನ್ನು ಕೊನೆಗೆ ಉಳಿಸಿಕೊಳ್ಳಬೇಡಿ. ಲಾಸ್ ವೇಗಾಸ್ ಇರುವ ನೆವಾಡಾ ರಾಜ್ಯ, ಮಕಾವ್, ಸಿಂಗಪುರಗಳಲ್ಲಿ ಕ್ಯಾಸಿನೊಗೆ ಕನಿಷ್ಠ ವಯಸ್ಸು 21. ಮಾಂಟೆ ಕಾರ್ಲೊ ಇರುವ ಮೊನಾಕೊ ಮತ್ತು ಬ್ರಿಟನ್‌ಗಳಲ್ಲಿ 18. ಗುಂಪಿನಲ್ಲಿ ಇಪ್ಪತ್ತರ ಹುಡುಗನೊಬ್ಬನಿದ್ದರೆ ಮಕಾವ್‌ನಲ್ಲಿ ಅವನು ಆಟದ ಅಂಗಳಕ್ಕೆ ಕಾಲಿಡುವಂತಿಲ್ಲ. ಲಾಸ್ ವೇಗಾಸ್‌ನಲ್ಲಿ ಅಂಗಳವನ್ನು ದಾಟಿ ನಡೆದುಹೋಗಬಹುದೇ ಹೊರತು ನಿಲ್ಲುವಂತಿಲ್ಲ, ಬಾರು ಮತ್ತು ನೈಟ್‌ಕ್ಲಬ್ಬುಗಳಲ್ಲಿಯೂ ಕೂರುವಂತಿಲ್ಲ. ನೋಡಲು ಎಷ್ಟೇ ದೊಡ್ಡವರಾಗಿ ಕಂಡರೂ ಗುರುತಿನ ದಾಖಲೆ ಕೇಳಬಹುದಾದ್ದರಿಂದ ಪಾಸ್‌ಪೋರ್ಟನ್ನು ಹೋಟೆಲಿನ ತಿಜೋರಿಯಲ್ಲಿ ಬಿಟ್ಟು ಹೊರಟರೆ ಬಾಗಿಲಿನಿಂದಲೇ ಹಿಂತಿರುಗಬೇಕಾದೀತು. ಪೌರತ್ವವನ್ನು ನೋಡುವ ದೇಶಗಳೂ ಇವೆ. ಮೊನಾಕೊದ ಪ್ರಜೆಗಳಿಗೆ ತಮ್ಮದೇ ಊರಿನ ಕ್ಯಾಸಿನೊದಲ್ಲಿ ಆಡಲು ಅನುಮತಿಯಿಲ್ಲ. ದಕ್ಷಿಣ ಕೊರಿಯಾದಲ್ಲಿ ಒಂದನ್ನು ಬಿಟ್ಟು ಉಳಿದ ಕ್ಯಾಸಿನೊಗಳೆಲ್ಲ ವಿದೇಶಿಯರಿಗೆ ಮಾತ್ರ. ಸಿಂಗಪುರದಲ್ಲಿ ಅಲ್ಲಿನ ಪ್ರಜೆಗಳೂ ಕಾಯಂ ನಿವಾಸಿಗಳೂ 24 ಗಂಟೆಗಳ ಪ್ರವೇಶಕ್ಕೆ 150 ಸಿಂಗಪುರ ಡಾಲರ್ ಕಟ್ಟಬೇಕು, ವಿದೇಶಿ ಪ್ರವಾಸಿಗರಿಗೆ ಶುಲ್ಕವಿಲ್ಲ. ಮಲೇಷ್ಯಾದ ಗೆಂಟಿಂಗ್ ಹೈಲ್ಯಾಂಡ್ಸ್‌ನಲ್ಲಿ ಮುಸ್ಲಿಮರಿಗೆ ಕ್ಯಾಸಿನೊ ಪ್ರವೇಶವಿಲ್ಲ. ಇವೆಲ್ಲದರ ಜೊತೆಗೆ, ವಿದೇಶದಲ್ಲಿ ಜೂಜಿಗೆ ಹಣ ಬಳಸುವುದರ ಬಗ್ಗೆ ನಿಮ್ಮ ದೇಶದ ವಿದೇಶಿ ವಿನಿಮಯ ಮತ್ತು ತೆರಿಗೆ ನಿಯಮಗಳು ಏನು ಹೇಳುತ್ತವೆ ಎಂಬುದನ್ನು ಹೊರಡುವ ಮೊದಲೇ ಲೆಕ್ಕಪರಿಶೋಧಕರ ಬಳಿ ಕೇಳಿಕೊಳ್ಳುವುದು ಒಳ್ಳೆಯದು.

ಆಟದ ಲೆಕ್ಕವೇ ಊರನ್ನು ಆರಿಸಬಲ್ಲದು

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಪ್ರವಾಸದ ಪುಸ್ತಿಕೆಗಳು ಇದನ್ನು ಹೇಳುವುದೇ ಇಲ್ಲ. ಕ್ಯಾಸಿನೊದ ಪ್ರತಿ ಆಟದಲ್ಲಿಯೂ ಮನೆಯವರ (ಎಂದರೆ ಕ್ಯಾಸಿನೊದವರ) ಪಾಲು ಎಂಬ ಒಂದು ಅಂಶ ಮೊದಲೇ ಅಡಕವಾಗಿರುತ್ತದೆ. ದೀರ್ಘಕಾಲದಲ್ಲಿ ಆಡಿದ ಒಟ್ಟು ಪಣದಲ್ಲಿ ಶೇಕಡಾ ಇಷ್ಟು ಕ್ಯಾಸಿನೊಗೆ ಉಳಿಯುತ್ತದೆ ಎಂಬುದು ಅದರ ಅರ್ಥ. ಹೆಸರು ಒಂದೇ ಇದ್ದರೂ ಈ ಪಾಲು ಊರಿನಿಂದ ಊರಿಗೆ, ಮೇಜಿನಿಂದ ಮೇಜಿಗೆ ಬದಲಾಗುತ್ತದೆ.

ತಿರುಗುವ ಚಕ್ರದಲ್ಲಿ ಚೆಂಡು ಯಾವ ಸಂಖ್ಯೆಯ ಮೇಲೆ ನಿಲ್ಲುತ್ತದೆ ಎಂದು ಪಣವಿಡುವ ರೂಲೆಟ್ ಆಟವನ್ನೇ ನೋಡಿ. ಯುರೋಪಿನಲ್ಲಿ ರೂಢಿಯಲ್ಲಿರುವ ಚಕ್ರದಲ್ಲಿ ಒಂದೇ ಸೊನ್ನೆಯಿದ್ದು, ಮನೆಯವರ ಪಾಲು ಶೇಕಡಾ 2.70. ಅಮೆರಿಕದ ಚಕ್ರದಲ್ಲಿ ಎರಡು ಸೊನ್ನೆಗಳಿರುವುದರಿಂದ ಅದು ಶೇಕಡಾ 5.26ಕ್ಕೆ ಏರುತ್ತದೆ. ಲಾಸ್ ವೇಗಾಸ್‌ನ ಹಲವು ಕಡೆ ಈಗ ಮೂರು ಸೊನ್ನೆಗಳ ಚಕ್ರವೂ ಬಂದಿದ್ದು, ಅದರಲ್ಲಿ ಪಾಲು ಶೇಕಡಾ 7.69. ಗಂಟೆಗೆ 40 ಸುತ್ತು, ಸುತ್ತಿಗೆ 10ರಂತೆ ಪಣವಿಟ್ಟರೆ ಗಂಟೆಗೆ 400ರಷ್ಟು ಹಣ ಮೇಜಿನ ಮೇಲೆ ಓಡಾಡುತ್ತದೆ. ಅದರಲ್ಲಿ ಸರಾಸರಿಯಾಗಿ ಕಳೆದುಕೊಳ್ಳುವುದು ಮೊದಲ ಚಕ್ರದಲ್ಲಿ ಸುಮಾರು 11, ಎರಡನೆಯದರಲ್ಲಿ 21, ಮೂರನೆಯದರಲ್ಲಿ 31. ಫ್ರೆಂಚ್ ಪದ್ಧತಿಯ ಕೆಲವು ಮೇಜುಗಳಲ್ಲಿ ಸೊನ್ನೆ ಬಂದಾಗ ಕೆಂಪು–ಕಪ್ಪು ಅಥವಾ ಸಮ–ಬೆಸಗಳ ಮೇಲಿನ ಪಣದ ಅರ್ಧವನ್ನು ಹಿಂದಿರುಗಿಸುತ್ತಾರೆ, ಆಗ ಆ ಪಣಗಳ ಮೇಲಿನ ಪಾಲು ಶೇಕಡಾ 1.35ಕ್ಕೆ ಇಳಿಯುತ್ತದೆ. ರೂಲೆಟ್ ಇಷ್ಟಪಡುವವರು ಯುರೋಪಿನತ್ತ ಮುಖಮಾಡಲು ಇದೊಂದೇ ಕಾರಣ ಸಾಕು.

ಬ್ಲ್ಯಾಕ್‌ಜಾಕ್ ಎಂಬ ಇಸ್ಪೀಟಿನ ಆಟವನ್ನು ಆಡುವವರು ಮೇಜಿನ ಬಟ್ಟೆಯ ಮೇಲಿನ ಬರಹವನ್ನು ಓದಬೇಕು. ಮೊದಲ ಎರಡು ಎಲೆಗಳಲ್ಲಿಯೇ, ಅಂದರೆ ಎಕ್ಕ ಮತ್ತು ಹತ್ತರ ಬೆಲೆಯ ಎಲೆಯಿಂದ, ಬ್ಲ್ಯಾಕ್‌ಜಾಕ್ ಬಂದಾಗ 3ಕ್ಕೆ 2ರ ಲೆಕ್ಕದಲ್ಲಿ ಕೊಡುವ ಮೇಜಿನಲ್ಲಿ 10ರ ಪಣಕ್ಕೆ 15 ಸಿಗುತ್ತದೆ. 6ಕ್ಕೆ 5ರ ಮೇಜಿನಲ್ಲಿ 12 ಮಾತ್ರ. ಸಣ್ಣದಾಗಿ ಕಾಣುವ ಈ ವ್ಯತ್ಯಾಸ ಮನೆಯವರ ಪಾಲಿಗೆ ಶೇಕಡಾ 1.4ರಷ್ಟನ್ನು ಸೇರಿಸುತ್ತದೆ. ಬ್ಯಾಂಕರ್, ಪ್ಲೇಯರ್ ಎಂಬ ಎರಡು ಕೈಗಳಲ್ಲಿ ಯಾವುದು ಗೆಲ್ಲುತ್ತದೆ ಎಂದು ಪಣವಿಡುವ ಬ್ಯಾಕರಾ ಎಂಬ ಇಸ್ಪೀಟಿನ ಆಟದಲ್ಲಿ ಬ್ಯಾಂಕರ್ ಮೇಲಿನ ಪಣಕ್ಕೆ ಪಾಲು ಶೇಕಡಾ 1.06, ಪ್ಲೇಯರ್ ಮೇಲಿನ ಪಣಕ್ಕೆ 1.24, ಆದರೆ ಎರಡೂ ಸರಿಸಮ ಎಂಬ ಪಣಕ್ಕೆ ಅದು ಶೇಕಡಾ 14ನ್ನು ಮೀರುತ್ತದೆ, ಆದ್ದರಿಂದ ಆ ಪಣವನ್ನು ಮುಟ್ಟದಿರುವುದೇ ಲೇಸು. ಹಣ ಹಾಕಿ ಗುಂಡಿ ಒತ್ತಿ ಆಡುವ ಸ್ಲಾಟ್ ಯಂತ್ರಗಳ ಪಾಲು ಸಾಮಾನ್ಯವಾಗಿ ಯಂತ್ರದ ಮೇಲೆ ಕಾಣುವುದಿಲ್ಲ. ನೆವಾಡಾದ ನಿಯಮದ ಪ್ರಕಾರ ಯಂತ್ರವು ಕನಿಷ್ಠ ಶೇಕಡಾ 75ರಷ್ಟನ್ನಾದರೂ ಹಿಂದಿರುಗಿಸುವಂತೆ ಇರಬೇಕು, ನ್ಯೂಜೆರ್ಸಿಯಲ್ಲಿ ಶೇಕಡಾ 83. ವಾಸ್ತವದಲ್ಲಿ ಹೆಚ್ಚಿನ ಯಂತ್ರಗಳು ಇದಕ್ಕಿಂತ ಉದಾರವಾಗಿದ್ದರೂ, ಅವು ಆಡಿಸುವ ವೇಗದಿಂದಾಗಿ ಹಣ ಬೇಗನೆ ಕರಗುತ್ತದೆ.

ಅಮೆರಿಕದಲ್ಲಿ ಗೆದ್ದ ವಿದೇಶಿಯರಿಗೆ ಇನ್ನೊಂದು ಮಾತು. ಸ್ಲಾಟ್ ಯಂತ್ರದ ದೊಡ್ಡ ಬಹುಮಾನದಲ್ಲಿ ಸಾಮಾನ್ಯವಾಗಿ ಶೇಕಡಾ 30ರಷ್ಟನ್ನು ತೆರಿಗೆಯಾಗಿ ಅಲ್ಲಿಯೇ ಹಿಡಿದುಕೊಳ್ಳುತ್ತಾರೆ. ಬ್ಲ್ಯಾಕ್‌ಜಾಕ್, ಬ್ಯಾಕರಾ, ರೂಲೆಟ್, ಕ್ರ್ಯಾಪ್ಸ್ ಎಂಬ ದಾಳದ ಆಟ ಇವುಗಳ ಗೆಲುವಿಗೆ ಈ ಕಡಿತ ಅನ್ವಯಿಸುವುದಿಲ್ಲ. ಕೆಲವು ದೇಶಗಳಿಗೆ ತೆರಿಗೆ ಒಪ್ಪಂದದ ವಿನಾಯಿತಿಯೂ ಉಂಟು.

ಪ್ರಮುಖ ಊರುಗಳ ಸ್ವಭಾವ

ನೆವಾಡಾ ರಾಜ್ಯವು 1931ರಲ್ಲಿ ಜೂಜನ್ನು ಕಾನೂನುಬದ್ಧಗೊಳಿಸಿದ ಮೇಲೆ ಬೆಳೆದ ಲಾಸ್ ವೇಗಾಸ್, ಮೊದಲು ಹೇಳಿದ ಪ್ರಶ್ನೆಗೆ ಬಹುಶಃ ಅತ್ಯುತ್ತಮ ಉತ್ತರ. ಒಂದು ಪಣವನ್ನೂ ಇಡದೆ ಅಲ್ಲಿ ನಾಲ್ಕು ರಾತ್ರಿ ಕಳೆಯಬಹುದು. ಸರ್ಕ್ ದು ಸೊಲೇ ಎಂಬ ಸರ್ಕಸ್ ಮಾದರಿಯ ತಂಡದ ಕಾಯಂ ಪ್ರದರ್ಶನಗಳು 1993ರಿಂದ ಅಲ್ಲಿ ನಡೆಯುತ್ತಿವೆ. 1998ರಲ್ಲಿ ತೆರೆದ ಬೆಲಾಜಿಯೊ ಹೋಟೆಲಿನ ಮುಂದಿನ ಸಂಗೀತ ಕಾರಂಜಿಗಳನ್ನು ರಸ್ತೆಬದಿಯಲ್ಲಿ ನಿಂತು ಉಚಿತವಾಗಿ ನೋಡಬಹುದು. 2023ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಸ್ಫಿಯರ್ ಎಂಬ ಗೋಳಾಕಾರದ ಸಭಾಂಗಣವಂತೂ ಒಳಗೂ ಹೊರಗೂ ಪರದೆಯೇ ಆಗಿದೆ. ಪ್ರದರ್ಶನಗಳಿಗೆ ವಾರದಲ್ಲಿ ಒಂದೆರಡು ದಿನ ರಜೆ ಇರುವುದರಿಂದ, ನೋಡಲೇಬೇಕೆಂದುಕೊಂಡ ಪ್ರದರ್ಶನದ ರಜಾದಿನಗಳನ್ನು ನೋಡಿಕೊಂಡು ಪ್ರಯಾಣದ ದಿನಾಂಕವನ್ನು ಗೊತ್ತುಮಾಡಬೇಕು. ಸ್ಟ್ರಿಪ್ ಎಂದು ಕರೆಯುವ ಮುಖ್ಯ ರಸ್ತೆಯಲ್ಲಿ ಹತ್ತಿರದಲ್ಲಿರುವಂತೆ ಕಾಣುವ ಹೋಟೆಲು ನಿಜಕ್ಕೂ ಅರ್ಧ ಗಂಟೆಯ ನಡಿಗೆಯಷ್ಟು ದೂರವಿರಬಹುದು, ಮತ್ತು ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿಯನ್ನು ದಾಟುವುದರಿಂದ ವಯಸ್ಸಾದವರನ್ನು ಕರೆದೊಯ್ಯುವವರು ವಸಂತ ಅಥವಾ ಶರತ್ಕಾಲವನ್ನು ಆರಿಸುವುದು ಕ್ಷೇಮ. ಕಡಿಮೆ ಪಣದ ಮೇಜುಗಳನ್ನು ಹುಡುಕುವವರಿಗೆ ಸ್ಟ್ರಿಪ್‌ಗಿಂತ ಹಳೆಯ ಪೇಟೆಯಾದ ಫ್ರೀಮಾಂಟ್ ಬೀದಿ ಅನುಕೂಲ. ಕೋಣೆಯ ಬಾಡಿಗೆ ಅಗ್ಗವೆಂದು ಕಂಡರೂ ಅದರ ಮೇಲೆ ದಿನಕ್ಕಿಷ್ಟು ಎಂದು ರೆಸಾರ್ಟ್ ಶುಲ್ಕ ಸೇರುವುದರಿಂದ ಒಟ್ಟು ಮೊತ್ತವನ್ನೇ ಹೋಲಿಸಿ ನೋಡಬೇಕು.

ಮಕಾವ್‌ನ ಸ್ವಭಾವ ಬೇರೆ. ಪೋರ್ಚುಗೀಸರ ಆಡಳಿತದಲ್ಲಿದ್ದು 1999ರ ಡಿಸೆಂಬರ್‌ನಲ್ಲಿ ಚೀನಾಕ್ಕೆ ಮರಳಿದ ಈ ಸಣ್ಣ ಪ್ರದೇಶದಲ್ಲಿ 2002ರಲ್ಲಿ ಜೂಜಿನ ಮೇಲಿನ ಏಕಸ್ವಾಮ್ಯ ಕೊನೆಗೊಂಡು ಹೊರಗಿನ ಕಂಪನಿಗಳು ಬಂದವು; ಕೆಲವೇ ವರ್ಷಗಳಲ್ಲಿ, ಅಂದರೆ 2006ರಲ್ಲಿ, ಜೂಜಿನ ಆದಾಯದಲ್ಲಿ ಅದು ಲಾಸ್ ವೇಗಾಸ್‌ನ ಸ್ಟ್ರಿಪ್ ಅನ್ನು ಹಿಂದಿಕ್ಕಿತು. ಅಲ್ಲಿ ಬ್ಯಾಕರಾ ಆಟದ್ದೇ ರಾಜ್ಯಭಾರ, ಕನಿಷ್ಠ ಪಣವೂ ಸಾಮಾನ್ಯವಾಗಿ ಹೆಚ್ಚು. ಕ್ಲಬ್ಬು ಮತ್ತು ಬಾರುಗಳ ಗದ್ದಲವನ್ನು ನಿರೀಕ್ಷಿಸಿ ಹೋದವರಿಗೆ ನಿರಾಶೆಯಾಗುತ್ತದೆ, ಏಕೆಂದರೆ ಅಲ್ಲಿನ ಅತಿಥಿಗಳು ಬಹುಮಟ್ಟಿಗೆ ಆಡಲೆಂದೇ ಬರುವವರು. ಆದರೆ ಹಗಲಿನ ಮಕಾವ್ ನನಗೆ ಬಹಳ ಪ್ರಿಯವಾದುದು: 2005ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹಳೆಯ ಪೇಟೆ, ಅಲೆಯಂತೆ ಕಲ್ಲು ಹಾಸಿದ ಸೆನಾಡೊ ಚೌಕ, ಮುಂಭಾಗದ ಗೋಡೆಯಷ್ಟೇ ಉಳಿದಿರುವ ಸಂತ ಪೌಲರ ಚರ್ಚು, ಇವೆಲ್ಲ ಯಾವ ಕ್ಯಾಸಿನೊಗಿಂತಲೂ ಹೆಚ್ಚು ಕಾಲ ನೆನಪಿನಲ್ಲಿ ಉಳಿಯುವಂಥವು. ಹಾಂಗ್‌ಕಾಂಗ್‌ನಿಂದ ಹಡಗಿನಲ್ಲಿಯೂ, 2018ರಲ್ಲಿ ತೆರೆದ 55 ಕಿಲೊಮೀಟರ್ ಉದ್ದದ ಸೇತುವೆ ಮಾರ್ಗದಲ್ಲಿ ಬಸ್ಸಿನಲ್ಲಿಯೂ ಬರಬಹುದಾದ್ದರಿಂದ, ರಾತ್ರಿಜೀವನಕ್ಕೆ ಹಾಂಗ್‌ಕಾಂಗ್, ಕ್ಯಾಸಿನೊಗೆ ಮಕಾವ್ ಎಂದು ಎರಡನ್ನೂ ಜೋಡಿಸುವುದು ಜಾಣತನ.

ಮಾಂಟೆ ಕಾರ್ಲೊಗೆ ಹೋಗಬೇಕಾದುದು ಕಟ್ಟಡವನ್ನು ಪ್ರೀತಿಸುವವರು. 1863ರಲ್ಲಿ ಆರಂಭವಾದ ಕ್ಯಾಸಿನೊಗೆ ಪ್ಯಾರಿಸ್ ಒಪೆರಾ ಭವನದ ವಾಸ್ತುಶಿಲ್ಪಿ ಶಾರ್ಲ್ ಗಾರ್ನಿಯೇ ಹೊಸ ರೂಪ ಕೊಟ್ಟರು, ಮತ್ತು 1879ರಲ್ಲಿ ಅದಕ್ಕೆ ಅಂಟಿಕೊಂಡೇ ಒಪೆರಾ ಭವನವೂ ತೆರೆಯಿತು. ಆಟ ಆರಂಭವಾಗುವ ಮೊದಲು, ಬೆಳಗಿನ ಹೊತ್ತು ಟಿಕೆಟ್ ಪಡೆದು ಸಭಾಂಗಣಗಳನ್ನು ನೋಡುವ ವ್ಯವಸ್ಥೆಯಿದೆ. ಸಂಜೆ ಚಡ್ಡಿ, ಹವಾಯಿ ಚಪ್ಪಲಿ, ಕ್ರೀಡಾ ಉಡುಪುಗಳಲ್ಲಿ ಬಂದವರನ್ನು ಒಳಗೆ ಬಿಡುವುದಿಲ್ಲ. ಮೊನಾಕೊದಲ್ಲಿ ತಂಗುವುದು ದುಬಾರಿಯಾದ್ದರಿಂದ ಹಲವರು ಫ್ರಾನ್ಸಿನ ನೀಸ್ ನಗರದಲ್ಲಿ ಉಳಿದು ರೈಲಿನಲ್ಲಿ ಅರ್ಧ ಗಂಟೆಯೊಳಗೆ ಬಂದು ಹೋಗುತ್ತಾರೆ. ಕೊನೆಯ ರೈಲಿನ ಸಮಯವನ್ನು ಮೊದಲೇ ನೋಡಿಟ್ಟುಕೊಂಡರೆ ಇದು ಒಳ್ಳೆಯ ಉಪಾಯ.

ಮಕ್ಕಳೂ ಹಿರಿಯರೂ ಇರುವ ಕುಟುಂಬಕ್ಕೆ ಸಿಂಗಪುರ ಅಥವಾ ಗೆಂಟಿಂಗ್ ಹೈಲ್ಯಾಂಡ್ಸ್ ಹೆಚ್ಚು ಒಗ್ಗುತ್ತದೆ. ಸಿಂಗಪುರದ ಎರಡೂ ಕ್ಯಾಸಿನೊಗಳು 2010ರಲ್ಲಿ ತೆರೆದವು. ಅವು ಹೋಟೆಲು, ಥೀಮ್ ಪಾರ್ಕು, ವಸ್ತುಸಂಗ್ರಹಾಲಯಗಳ ನಡುವೆ ಒಂದು ಭಾಗ ಮಾತ್ರ, ಹಾಗಾಗಿ ಒಬ್ಬರು ಆಡುವಾಗ ಉಳಿದವರು ಕಾಯುತ್ತ ಕೂರಬೇಕಿಲ್ಲ. ರಾತ್ರಿ ಹತ್ತೂವರೆಯ ಮೇಲೆ ಅಲ್ಲಿ ಅಂಗಡಿಗಳಲ್ಲಿ ಮದ್ಯ ಮಾರುವಂತಿಲ್ಲ, ಸಾರ್ವಜನಿಕ ಸ್ಥಳದಲ್ಲಿ ಕುಡಿಯುವಂತಿಲ್ಲ. ಗೆಂಟಿಂಗ್ ಬೆಟ್ಟದ ಮೇಲಿದ್ದು ತಂಪಾಗಿರುತ್ತದೆ.

ಸಮಯ, ಸಾರಿಗೆ, ಸುರಕ್ಷತೆ

ಊರಿನ ರಾತ್ರಿ ಎಷ್ಟು ಹೊತ್ತಿಗೆ ಆರಂಭವಾಗುತ್ತದೆ ಎಂಬುದು ನಿಮ್ಮ ದೇಹಸ್ವಭಾವಕ್ಕೆ ಹೊಂದಬೇಕು. ಮ್ಯಾಡ್ರಿಡ್ ಮತ್ತು ಬ್ಯೂನಸ್ ಐರಿಸ್‌ಗಳಲ್ಲಿ ನಡುರಾತ್ರಿಯ ನಂತರವೇ ಕ್ಲಬ್ಬುಗಳು ತುಂಬುತ್ತವೆ. ಹನ್ನೊಂದಕ್ಕೆ ಮಲಗುವ ಅಭ್ಯಾಸವಿರುವವರು ಅಲ್ಲಿ ಖಾಲಿ ಕೋಣೆಗಳನ್ನು ನೋಡಿ ಹಿಂತಿರುಗುತ್ತಾರೆ. ಅಂಥವರಿಗೆ ಸಂಜೆ ಏಳೂವರೆಗೆ ತೆರೆ ಏಳುವ ಲಂಡನ್ನಿನ ನಾಟಕವೇ ಹಿತ. ಹಿಂತಿರುಗುವ ದಾರಿಯೂ ಮುಖ್ಯ. ಬರ್ಲಿನ್‌ನ ಭೂಗತ ರೈಲು ವಾರಾಂತ್ಯದಲ್ಲಿ ರಾತ್ರಿಯಿಡೀ ಓಡುತ್ತದೆ, ಲಂಡನ್ನಿನ ಕೆಲವು ಮಾರ್ಗಗಳಲ್ಲಿ 2016ರಿಂದ ಶುಕ್ರವಾರ ಮತ್ತು ಶನಿವಾರ ಇಂಥ ಸೌಲಭ್ಯವಿದೆ. ರಾತ್ರಿ ಸಾರಿಗೆ ಇಲ್ಲದ ಊರಾದರೆ ಕ್ಲಬ್ಬುಗಳಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿಯೇ ಕೋಣೆ ಹಿಡಿಯುವುದು ಸರಿ.

ಮದ್ಯದ ವಿಷಯದಲ್ಲಿ ಎಚ್ಚರಿಕೆ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. 2024ರ ನವೆಂಬರ್‌ನಲ್ಲಿ ಲಾವೋಸಿನ ವಾಂಗ್ ವಿಯೆಂಗ್‌ನಲ್ಲಿ ಮೆಥನಾಲ್ ಎಂಬ ವಿಷ ಬೆರೆತ ಮದ್ಯ ಕುಡಿದು ವಿದೇಶಿ ಪ್ರವಾಸಿಗರು, ಅದರಲ್ಲಿಯೂ ಎಳೆಯ ವಯಸ್ಸಿನವರು, ಪ್ರಾಣ ಕಳೆದುಕೊಂಡರು. ಮೊಹರು ಒಡೆಯದ ಬಾಟಲಿಯಿಂದ ಕಣ್ಣೆದುರಿಗೆ ಸುರಿದುದನ್ನು ಮಾತ್ರ ಕುಡಿಯಬೇಕು. ಪುಕ್ಕಟೆ ಸಿಗುವ ಬೆರಕೆ ಪಾನೀಯವನ್ನು ಬೇಡವೆನ್ನಬೇಕು. ಲೋಟವನ್ನು ಬಿಟ್ಟು ಎದ್ದುಹೋದರೆ ಮರಳಿ ಬಂದು ಅದನ್ನೇ ಕುಡಿಯಬಾರದು. ಕ್ಯಾಸಿನೊದಲ್ಲಿ ಆಡುವವರಿಗೆ ಉಚಿತವಾಗಿ ಕೊಡುವ ಪಾನೀಯ ಶುದ್ಧವಾಗಿಯೇ ಇರಬಹುದು, ಆದರೆ ಅದು ಬರುವುದು ನಿಮ್ಮ ವಿವೇಕವನ್ನು ಸಡಿಲಿಸುವುದಕ್ಕೆ.

ದಿನಾಂಕವನ್ನು ಗೊತ್ತುಮಾಡುವಾಗ ಆ ಊರಿನ ದೊಡ್ಡ ಕಾರ್ಯಕ್ರಮಗಳ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಳ್ಳಿ. ಜನವರಿಯ ಎಲೆಕ್ಟ್ರಾನಿಕ್ಸ್ ಮೇಳ ಮತ್ತು ನವೆಂಬರ್‌ನ ಕಾರು ರೇಸಿನ ಸಮಯದಲ್ಲಿ ಲಾಸ್ ವೇಗಾಸ್‌ನ ಕೋಣೆಗಳ ಬೆಲೆ ಹಲವು ಪಟ್ಟು ಏರುತ್ತದೆ. ಮಕಾವ್‌ಗೆ ಚೀನಿ ಹೊಸವರ್ಷ ಮತ್ತು ಅಕ್ಟೋಬರ್‌ನ ಮೊದಲ ವಾರ ತೀರ ಜನಜಂಗುಳಿಯ ಕಾಲ. ಇಬೀಜಾದ ದೊಡ್ಡ ಕ್ಲಬ್ಬುಗಳು ಅಕ್ಟೋಬರ್ ಮಧ್ಯದಲ್ಲಿ ಬಾಗಿಲು ಹಾಕಿದರೆ ಏಪ್ರಿಲ್ ಕೊನೆಯವರೆಗೆ ತೆರೆಯುವುದು ಅಪರೂಪ.

ಹಣದ ವ್ಯವಸ್ಥೆ

ಪ್ರಯಾಣ, ವಸತಿ, ಊಟ, ಪ್ರದರ್ಶನಗಳ ಟಿಕೆಟ್ಟು ಇವಿಷ್ಟನ್ನು ಮೊದಲು ಲೆಕ್ಕಹಾಕಿ, ಪಾವತಿಯಾಗುವಷ್ಟನ್ನು ಮುಂಚಿತವಾಗಿಯೇ ಪಾವತಿಸಿ, ಉಳಿದುದರಲ್ಲಿ ಪೂರ್ತಿ ಹೋದರೂ ಮನೆಯ ಯಾವ ಖರ್ಚಿಗೂ ತೊಂದರೆಯಾಗದ ಮೊತ್ತವನ್ನು ಮಾತ್ರ ಆಟಕ್ಕೆ ಇಡಬೇಕು. ಆ ಮೊತ್ತವನ್ನು ರಾತ್ರಿಗಳ ಸಂಖ್ಯೆಯಿಂದ ಭಾಗಿಸಿ, ಒಂದೊಂದು ರಾತ್ರಿಯ ಪಾಲನ್ನು ಬೇರೆ ಬೇರೆ ಲಕೋಟೆಯಲ್ಲಿಟ್ಟು, ಕಾರ್ಡನ್ನು ಕೋಣೆಯಲ್ಲಿಯೇ ಬಿಟ್ಟು ಹೋಗುವ ಪದ್ಧತಿ ಹಳೆಯದಾದರೂ ಅದಕ್ಕಿಂತ ಉತ್ತಮವಾದುದನ್ನು ನಾನು ಕಂಡಿಲ್ಲ. ಕ್ಯಾಸಿನೊ ಒಳಗಿನ ಎಟಿಎಂಗಳ ಶುಲ್ಕ ಹೆಚ್ಚು. ಕ್ರೆಡಿಟ್ ಕಾರ್ಡಿನಿಂದ ನಗದು ತೆಗೆದರೆ ಅದೇ ದಿನದಿಂದ ಬಡ್ಡಿ ಬೆಳೆಯುತ್ತದೆ. ಯಂತ್ರವು ನಿಮ್ಮ ದೇಶದ ಕರೆನ್ಸಿಯಲ್ಲಿ ಲೆಕ್ಕ ತೋರಿಸಲೇ ಎಂದು ಕೇಳಿದಾಗ ಬೇಡವೆಂದು ಸ್ಥಳೀಯ ಕರೆನ್ಸಿಯನ್ನೇ ಆರಿಸಬೇಕು. 10,000 ಡಾಲರಿಗಿಂತ ಹೆಚ್ಚು ನಗದು ಹಿಡಿದು ಅಮೆರಿಕದೊಳಗೆ ಹೋಗುವಾಗಲೂ ಹೊರಡುವಾಗಲೂ ಘೋಷಣೆ ಕಡ್ಡಾಯ. ಯುರೋಪಿಯನ್ ಒಕ್ಕೂಟದಲ್ಲಿ 10,000 ಯೂರೊ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಇದೇ ನಿಯಮ.

ಹಿಂದೆಂದಾದರೂ ಆಟ ನಿಲ್ಲಿಸಲು ಕಷ್ಟಪಟ್ಟವರು, ಸಾಲ ಮಾಡಿ ಆಡಿದವರು ಅಥವಾ ಕಳೆದುಕೊಂಡದ್ದನ್ನು ಕುಟುಂಬದವರಿಂದ ಮುಚ್ಚಿಟ್ಟವರು ಕ್ಯಾಸಿನೊಗಾಗಿಯೇ ಹೆಸರಾದ ಊರನ್ನು ಆರಿಸದಿರಲಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಅವರಿಗೆ ಇಬೀಜಾದ ಸಂಗೀತವಿದೆ, ಬ್ರಾಡ್‌ವೇ ಇದೆ. ಜೊತೆಯವರಿಗಾಗಿ ಹೋಗಲೇಬೇಕಾದರೆ ತಮ್ಮನ್ನು ಒಳಗೆ ಬಿಡಬಾರದೆಂದು ತಾವೇ ಅರ್ಜಿ ಕೊಡುವ ವ್ಯವಸ್ಥೆ ಸಿಂಗಪುರ, ಬ್ರಿಟನ್ ಮುಂತಾದ ಕಡೆಗಳಲ್ಲಿದೆ. ಹೊರಡುವ ಮೊದಲೇ ಅದನ್ನು ಮಾಡಿಸಿಕೊಳ್ಳಬಹುದು.

ಇಷ್ಟರಿಂದ ಎರಡು ಅಥವಾ ಮೂರು ಊರುಗಳು ಉಳಿದರೆ, ಕಾಯ್ದಿರಿಸುವ ಕ್ರಮವನ್ನು ಹೀಗೆ ಇಟ್ಟುಕೊಳ್ಳಿ. ಮೊದಲು ವೀಸಾ ಎಷ್ಟು ದಿನಗಳಲ್ಲಿ ಸಿಗುತ್ತದೆ ಎಂದು ನೋಡಿ, ನಂತರ ಬಿಟ್ಟರೆ ಮರಳಿ ಸಿಗದಂಥ ಒಂದು ಪ್ರದರ್ಶನದ ಅಥವಾ ಸಂಗೀತ ಕಛೇರಿಯ ದಿನಾಂಕವನ್ನು ಗುರುತಿಸಿ, ಅದರ ಸುತ್ತ ವಿಮಾನದ ಟಿಕೆಟ್ಟನ್ನೂ ರದ್ದುಮಾಡಲು ಅವಕಾಶವಿರುವ ಕೋಣೆಯನ್ನೂ ಹಿಡಿಯಿರಿ. ಕ್ಲಬ್ಬಿನ ಪ್ರವೇಶವನ್ನು ಅದರ ಅಧಿಕೃತ ತಾಣದಲ್ಲಿಯೇ ಖರೀದಿಸಬೇಕು, ಬೀದಿಯಲ್ಲಿ ಕೈಗೆ ಕೊಡುವ ಪಾಸುಗಳನ್ನು ನಂಬಬಾರದು. ಹಿಂತಿರುಗುವ ವಿಮಾನ ಬೆಳಗಿನ ಜಾವದ್ದಾಗಿರದೆ ಮಧ್ಯಾಹ್ನದ ನಂತರದ್ದಾಗಿರಲಿ, ಮತ್ತು ಕೋಣೆಯನ್ನು ಎಷ್ಟು ಹೊತ್ತಿಗೆ ತೆರವು ಮಾಡಬೇಕೆಂದು ಕಾಯ್ದಿರಿಸುವಾಗಲೇ ಕೇಳಿಟ್ಟುಕೊಳ್ಳಿ.